ವಾಹನ ಪ್ರಶ್ನೋತ್ತರ: ಬೆಳಗಿನ ಗಲಗಲ ಸದ್ದು ಮತ್ತು ಟೈಮಿಂಗ್ ಚೈನ್

ಪ್ರಶ್ನೆ: ನನ್ನ ಪೆಟ್ರೋಲ್ ಕಾರು 1.3 ಲಕ್ಷ ಕಿ.ಮೀ. ಓಡಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು–ಮೂರು ಸೆಕೆಂಡ್, ತಗಡಿನ ಡಬ್ಬಿಗೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಆಮೇಲೆ ನಿಂತುಹೋಗುತ್ತೆ. ಮೆಕ್ಯಾನಿಕ್ ಟೈಮಿಂಗ್ ಚೈನ್ ಸವೆದಿದೆ ಅಂತಾರೆ. ನಂಬಬಹುದಾ ಸಾರ್?
– ಓದುಗರು, ಗುತ್ತಲು ರಸ್ತೆ, ಮಂಡ್ಯ

ಉತ್ತರ: ಟೈಮಿಂಗ್ ಚೈನ್ ಅಂದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಮತ್ತು ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಎರಡನ್ನೂ ಹೊಂದಿಕೆಯಲ್ಲಿ ತಿರುಗಿಸುವ ಸರಪಳಿ. ಚೈನ್‌ಗಿಂತ ಮೊದಲು ಟೆನ್ಷನರ್ ಮೇಲೆ ಅನುಮಾನ ಪಡಿ. ಅದು ಚೈನನ್ನು ಬಿಗಿ ಹಿಡಿಯುವುದೇ ಆಯಿಲ್ ಪ್ರೆಷರ್‌ನಿಂದ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಟೆನ್ಷನರ್ ಒಳಗಿನ ಆಯಿಲ್ ಸೋರಿ ಇಳಿದಿದ್ದರೆ, ಪಂಪ್ ಮತ್ತೆ ಪ್ರೆಷರ್ ಕಟ್ಟುವವರೆಗೆ ಚೈನ್ ಸಡಿಲವಾಗಿ ಗೈಡಿಗೆ (ಚೈನ್ ಒರಗಿ ಜಾರುವ ಪಟ್ಟಿ) ಬಡಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಮ್ಮಿಯಿದ್ದರೂ, ಹಳೆಯದಾಗಿ ಕೆಸರು ಕಟ್ಟಿದ್ದರೂ ಇದೇ ಸದ್ದು ಬರುತ್ತದೆ. ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ ಒಂದು ವಾರ ಕೇಳಿ.

ಇನ್ನೊಂದು ಪರೀಕ್ಷೆ: ಆಲ್ಟರ್ನೇಟರ್ ಬೆಲ್ಟ್ ಕಳಚಿ, ತಣ್ಣಗಿರುವ ಎಂಜಿನ್ನನ್ನು ಇಪ್ಪತ್ತು ಸೆಕೆಂಡ್ ಮಾತ್ರ ಓಡಿಸಿ. ಸದ್ದು ಮಾಯವಾದರೆ ತಪ್ಪು ಹೊರಗಿನ ಬೇರಿಂಗಿನದು, ಚೈನ್ ಪಾಪ ಏನೂ ಮಾಡಿಲ್ಲ. ಎಂಜಿನ್ ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ, ಅಥವಾ ಸ್ಕ್ಯಾನರ್‌ನಲ್ಲಿ ಪಿ 0016 (ಕ್ರ್ಯಾಂಕ್‌–ಕ್ಯಾಮ್ ಹೊಂದಿಕೆ ತಪ್ಪಿದೆ ಎಂಬ ಕೋಡ್) ಬಂದರೆ, ಚೈನಿನ ಕವರ್ ಬಿಚ್ಚುವ ಯೋಚನೆ ಮಾಡಿ.

ಪ್ರಶ್ನೆ: ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್ ಎಲ್ಲ ನಾನೇ ಹಾಕಿಕೊಳ್ಳುತ್ತೇನೆ. ಟೈಮಿಂಗ್ ಚೈನ್ ಕೂಡ ಮನೆಯಲ್ಲೇ ಬದಲಿಸಬಹುದೇ? ಏನೇನು ತರಬೇಕು?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಎಂಜಿನ್ನಾದರೆ ಆಗುತ್ತದೆ. ಶೆಡ್, ಎರಡು ದಿನ, ಟಾರ್ಕ್ ರೆಂಚ್, ನಿಮ್ಮದೇ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಬೇಕು. ಕವರ್ ತೆಗೆದ ಎಂಜಿನ್ನನ್ನು ಮನೆ ಮುಂದಿನ ರಸ್ತೆ ಧೂಳಿಗೆ ಒಡ್ಡಬೇಡಿ.

ಚೈನ್ ಒಂದನ್ನೇ ಹಾಕಿದರೆ ಅರ್ಧ ಕೆಲಸ. ಟೆನ್ಷನರ್, ಎರಡೂ ಗೈಡ್, ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್, ವಾಲ್ವ್ ಕವರ್ ಗ್ಯಾಸ್ಕೆಟ್, ಸಿಲಿಕೋನ್ ಸೀಲಂಟ್, ಆಯಿಲ್, ಫಿಲ್ಟರ್ ಎಲ್ಲವನ್ನೂ ತನ್ನಿ. ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಸಹ. ಅಂಗಡಿಯಲ್ಲಿ ಮಾಡೆಲ್ ಹೆಸರು ಸಾಲದು, ಚಾಸಿಸ್ ನಂಬರ್ ಕೊಡಿ.

ಹೆಚ್ಚಿನವರು ಸೋಲುವುದು ಕ್ರ್ಯಾಂಕ್ ಪುಲ್ಲಿ ಬೋಲ್ಟಿನಲ್ಲಿ. ಮ್ಯಾನ್ಯುಯಲ್ ಗೇರಿನ ಗಾಡಿಯಾದರೆ, ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ಮೌಂಟಿಂಗ್ ಬಿಚ್ಚುವ ಮೊದಲೇ, ಚಕ್ರ ನೆಲದ ಮೇಲಿರುವಾಗ ಟಾಪ್ ಗೇರ್ ಹಾಕಿ, ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ, ಉದ್ದನೆಯ ಹಿಡಿಯಿಂದ ಸಡಿಲಿಸಿ. ಸ್ಟಾರ್ಟರ್ ಹೊಡೆದು ಬಿಚ್ಚುವ ಹುಚ್ಚಾಟ ಬೇಡ. ಆಮೇಲೆ ಬ್ಯಾಟರಿ ನೆಗೆಟಿವ್ ತೆಗೆದು ಗಾಡಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ ಮರದ ತುಂಡಿಟ್ಟು, ಜಾಕಿನಿಂದ ಎಂಜಿನ್ ಭಾರ ಹೊತ್ತು, ಚೈನ್ ಬದಿಯ ಮೌಂಟಿಂಗ್ ಬಿಚ್ಚಿ. ಹಲವು ಎಂಜಿನ್‌ಗಳಲ್ಲಿ ಸಂಪನ್ನೂ ಇಳಿಸಿದರೇ ಕವರ್ ಹೊರಬರುವುದು. ಆಗ ಆಧಾರವನ್ನು ಬೇರೆ ಕಡೆ ಕೊಡಬೇಕು.

ಸ್ಪಾರ್ಕ್ ಪ್ಲಗ್ ತೆಗೆದರೆ ಕ್ರ್ಯಾಂಕ್ ಕೈಗೆ ಹಗುರ. ಒಂದನೇ ಸಿಲಿಂಡರನ್ನು ಮ್ಯಾನ್ಯುಯಲ್ ಹೇಳಿದ ಗುರುತಿಗೆ ತಂದು, ಕ್ಯಾಮ್‌ ಗುರುತುಗಳ ಫೋಟೊ ತೆಗೆದುಕೊಳ್ಳಿ. ಟೆನ್ಷನರ್ ಪಿಸ್ಟನ್ ಒತ್ತಿ, ರಂಧ್ರಕ್ಕೆ ಪಿನ್ ತೂರಿಸಿ ಕಳಚಿ. ಚೈನ್ ಇಲ್ಲದಿರುವಾಗ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ತಿರುಗಿಸಬೇಡಿ. ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್ನಿಗೆ ತಾಗಿ ಬಾಗುತ್ತದೆ.

ಹೊಸ ಚೈನಿನ ಬಣ್ಣದ ಲಿಂಕ್‌ಗಳನ್ನು ಸ್ಪ್ರಾಕೆಟ್ ಗುರುತಿಗೆ ಕೂರಿಸಿ. ಟೆನ್ಷನರ್ ಇಲ್ಲದ ಬದಿ ಎಳೆದು ಕಟ್ಟಿದಂತೆ ಬಿಗಿಯಾಗಿರಬೇಕು, ಸಡಿಲೆಲ್ಲ ಟೆನ್ಷನರ್ ಕಡೆ ಬರಲಿ. ಪಿನ್ ಎಳೆಯಿರಿ. ಈಗ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ, ನಿಧಾನವಾಗಿ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಕ್ಯಾಮ್ ಒಂದು ಸುತ್ತು ಬರುತ್ತದೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಅಲ್ಲೇ ನಿಲ್ಲಿಸಿ. ಎರಡು ಸುತ್ತಿನ ನಂತರ ಸ್ಪ್ರಾಕೆಟ್ ಗುರುತು ಸರಿಹೊಂದಬೇಕು. ಬಣ್ಣದ ಲಿಂಕ್ ಬೇರೆಲ್ಲೋ ಹೋಗಿರುತ್ತದೆ, ಗಾಬರಿಯಾಗಬೇಡಿ. ಅದು ಕೂರಿಸುವಾಗಷ್ಟೇ ಲೆಕ್ಕ.

ಕವರ್ ಅಂಚಿನ ಹಳೆ ಸೀಲಂಟನ್ನು ಪ್ಲಾಸ್ಟಿಕ್ ಕೆರೆಗತ್ತಿಯಿಂದ ತೆಗೆಯಿರಿ. ಎಮರಿ ಪೇಪರ್ ಉಜ್ಜಿದರೆ ಆ ಪುಡಿ ಬೇರಿಂಗ್ ಸೇರುತ್ತದೆ. ಹೊಸ ಸೀಲಂಟ್ ಸುಮಾರು 3 ಮಿ.ಮೀ. ದಪ್ಪದ ಒಂದೇ ಎಳೆ ಸಾಕು. ಜಾಸ್ತಿ ಮೆತ್ತಿದರೆ ಒಳಕ್ಕೆ ಉಕ್ಕಿ, ಕಿತ್ತು ಬಿದ್ದು, ಆಯಿಲ್ ಪಂಪಿನ ಜಾಲರಿ ಕಟ್ಟುತ್ತದೆ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಆಯಿಲ್ ತುಂಬಿದ ಮೇಲೆ ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವವರೆಗೆ ಹತ್ತು ಹತ್ತು ಸೆಕೆಂಡ್ ಸ್ಟಾರ್ಟರ್ ಹೊಡೆಯಿರಿ. ಆಮೇಲಷ್ಟೇ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ.

ಪ್ರಶ್ನೆ: ಚೈನ್ ಬದಲಿಸಿದ ಮೇಲೆ ಎಂಜಿನ್ ಅದುರುತ್ತಿದೆ, ಪಿಕಪ್ ಇಲ್ಲ, ಚೆಕ್ ಎಂಜಿನ್ ದೀಪ ಹತ್ತಿದೆ. ಓಡಿಸಿದರೆ ಸರಿಹೋಗುತ್ತದಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಹೋಗುವುದಿಲ್ಲ. ಒಂದು ಹಲ್ಲು ತಪ್ಪಿ ಕೂತಿರುವ ಸಾಧ್ಯತೆ ಹೆಚ್ಚು. ಮೊದಲು ಕ್ಯಾಮ್, ಕ್ರ್ಯಾಂಕ್ ಸೆನ್ಸರ್‌ಗಳ ಕನೆಕ್ಟರ್ ಕೂತಿದೆಯೇ ನೋಡಿ, ಅದಕ್ಕೆ ಐದು ನಿಮಿಷ ಸಾಕು. ಅವು ಸರಿಯಿದ್ದರೆ ಗಾಡಿ ಅಲ್ಲೇ ನಿಲ್ಲಲಿ. ಕವರ್ ಮತ್ತೆ ಬಿಚ್ಚಲೇಬೇಕು.

ಪ್ರಶ್ನೆ: 1.3 ಲೀಟರ್ ಡೀಸೆಲ್ ಎಂಜಿನ್ನಿಗೂ ಇದೇ ವಿಧಾನವೇ?
– ಓದುಗರು, ಮದ್ದೂರು

ಉತ್ತರ: ಅಲ್ಲ. ಅದರಲ್ಲಿ ಕ್ಯಾಮ್, ಕ್ರ್ಯಾಂಕ್‌ಗಳನ್ನು ಲಾಕಿಂಗ್ ಪಿನ್ ಹಾಕಿ ಹಿಡಿದು ಟೈಮಿಂಗ್ ಕೂರಿಸಬೇಕು. ಆ ಟೂಲ್ ಸೆಟ್ ಇಲ್ಲದೆ ಕೈ ಹಾಕಬೇಡಿ. ಸೆಟ್ ಇಟ್ಟುಕೊಂಡಿರುವ ಗ್ಯಾರೇಜನ್ನು ವಿಚಾರಿಸಿ ಅಲ್ಲೇ ಕೊಡಿ, ಹಳೆಯ ಟೆನ್ಷನರ್ ವಾಪಸ್ ಕೇಳಿ ಪಡೆಯಿರಿ.