ಆ ಮಗುವನ್ನು ಪಾಠದ ಉದಾಹರಣೆ ಮಾಡಬೇಡಿ

ಟೀಚರ್, ಮೈಬಣ್ಣದ ಭೇದದ ಬಗ್ಗೆ ಮಕ್ಕಳಿಗೆ ಯಾವ ವಯಸ್ಸಿಗೆ, ಹೇಗೆ ಹೇಳಬೇಕು ಎಂದು ಕೇಳಿ ನೀವು ಬರೆದಿದ್ದೀರಿ. ‘ನಿನ್ನ ಕೈ ಕಪ್ಪು, ನಾನು ಹಿಡಿಯಲ್ಲ’ ಎಂದು ನಿಮ್ಮ ಒಂದನೇ ಕ್ಲಾಸಿನ ಮಗುವೊಂದು ಜೊತೆಯ ಹುಡುಗಿಗೆ ಹೇಳಿದ್ದನ್ನು ಓದಿದಾಗ ನನ್ನ ಹಳೆಯ ಕ್ಲಾಸು ಕಣ್ಮುಂದೆ ಬಂತು. ನಾನೂ ಆರು ವರ್ಷದ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಕಪ್ಪು ಮೈಬಣ್ಣದ ಹುಡುಗಿ ನನ್ನ ಕ್ಲಾಸಲ್ಲೂ ಒಬ್ಬಳೇ. ಅವಳಿಗೆ ಇನ್ನೊಂದು ಮಗು ಹೆಚ್ಚುಕಡಿಮೆ ಇದೇ ಮಾತು ಹೇಳಿತ್ತು. ಸುಮ್ನೆ ಬಿಡಬಾರದು ಅನ್ನಿಸಿತು. ಅಷ್ಟರಮಟ್ಟಿಗೆ ನಾನು ಸರಿಯಾಗಿಯೇ ಇದ್ದೆ.

ಮರುದಿನ ರೂಬಿ ಬ್ರಿಡ್ಜಸ್ ಕಥೆ ಹೇಳಿದೆ. 1960ರ ನವೆಂಬರ್ 14ರಂದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ, ಅಲ್ಲಿಯವರೆಗೆ ಬಿಳಿಯ ಮಕ್ಕಳಷ್ಟೇ ಓದುತ್ತಿದ್ದ ಶಾಲೆಗೆ ಕಾಲಿಟ್ಟ ಕಪ್ಪು ಹುಡುಗಿ ಅವಳು. ಅವಳಿಗೂ ಆರೇ ವರ್ಷ. ಕಾವಲಿಗೆ ಕೇಂದ್ರ ಸರ್ಕಾರದ ಮಾರ್ಷಲ್‌ಗಳು, ಹೊರಗೆ ದೊಡ್ಡವರ ಗುಂಪು, ಕೂಗಾಟ, ಬೈಗುಳ. ನಾನು ಆ ಗುಂಪಿನ ಭಾಗವನ್ನೇ ದನಿ ಏರಿಸಿ, ಕಣ್ಣಿಗೆ ಕಟ್ಟುವ ಹಾಗೆ ಹೇಳಿದೆ. ಮಕ್ಕಳಿಗೆ ಆ ನೋವು ತಟ್ಟಲಿ ಅಂತ. ಆಮೇಲೆ ನಮ್ಮ ಹುಡುಗಿಯ ಕಡೆ ತಿರುಗಿ, ‘ನಿನಗೂ ಯಾರಾದ್ರೂ ಹೀಗೆ ಅಂದಿದ್ದಾರಾ ಪುಟ್ಟಾ?’ ಎಂದು ಕೇಳಿದೆ. ಅವಳು ತಲೆ ಬಗ್ಗಿಸಿದಳು.

ಆಟದ ಬಿಡುವಿನಲ್ಲಿ ಆ ಕಥೆಯೇ ಆಟವಾಗಿತ್ತು. ಮಕ್ಕಳು ಬಾಗಿಲಿಗೆ ಅಡ್ಡ ನಿಂತು ‘ಬರಬೇಡ, ಬರಬೇಡ’ ಎಂದು ಕೂಗುತ್ತಿದ್ದರು. ರೂಬಿ ಯಾರಾಗಬೇಕು ಎಂದು ಯಾರೂ ಕೇಳಿರಲಿಲ್ಲ. ಅದನ್ನು ನಾನೇ ತೀರ್ಮಾನ ಮಾಡಿ ಕೊಟ್ಟಿದ್ದೆ. ಆಮೇಲೆ ಆ ಹುಡುಗಿ ಶಾಲೆ ಎಂದರೆ ಅಳುತ್ತಿದ್ದಳು. ವರ್ಷ ಮುಗಿಯುವ ಮೊದಲೇ ಮನೆಯವರು ಬೇರೆ ಶಾಲೆಗೆ ಸೇರಿಸಿದರು. ಅವಳ ಅಮ್ಮ ನನಗೆ ಹೇಳಿದ್ದು ಇಷ್ಟು: ‘ಅವಳಿಗೆ ಅವತ್ತು ಆ ಮಗು ಅಂದಿದ್ದು ಮರೆತುಹೋಗಿದೆ, ಟೀಚರ್. ನೀವು ಎಲ್ಲರ ಎದುರು ಕೇಳಿದ್ದು ಮರೆತಿಲ್ಲ.’

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಮನಸ್ಸಿನ ಟೀಚರ್‌ಗಳೇ ಈ ತಪ್ಪು ಮಾಡುತ್ತಾರೆ. ಬೆಳಗ್ಗೆ ತನಕ ಅವಳು ಚೆನ್ನಾಗಿ ಚಿತ್ರ ಬರೆಯುವ ಹುಡುಗಿ. ನನ್ನ ಒಂದು ಪ್ರಶ್ನೆಯಿಂದ ಎಲ್ಲರ ಕಣ್ಣಿಗೂ ಬೈಸಿಕೊಳ್ಳುವ ಹುಡುಗಿಯಾದಳು. ಉಳಿದ ಮಕ್ಕಳಿಗೆ ಅವಳ ಮೇಲೆ ದ್ವೇಷ ಇರಲಿಲ್ಲ. ಕೇಳಿದ್ದನ್ನು ಆಡಿ ನೋಡುವುದು ಆ ವಯಸ್ಸಿನ ಸ್ವಭಾವ. ಹಾಗಾದರೆ ಆಡಲು ನಾನು ಏನು ಕೊಟ್ಟಿದ್ದೆ? ಬಾಗಿಲಲ್ಲಿ ನಿಂತು ಕೂಗುವುದನ್ನು. ಅದೇ ಕಥೆಯಲ್ಲಿ ಬಾರ್ಬರಾ ಹೆನ್ರಿ ಎಂಬ ಟೀಚರ್ ಇದ್ದಾರೆ. ಬಿಳಿಯ ಪೋಷಕರು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದಾಗ, ಆ ವರ್ಷವೆಲ್ಲ ರೂಬಿ ಒಬ್ಬಳನ್ನೇ ಕೂರಿಸಿಕೊಂಡು ಪಾಠ ಮಾಡಿದವರು. ಅವರನ್ನು ನಾನು ಒಂದೇ ಸಾಲಲ್ಲಿ ಮುಗಿಸಿದ್ದೆ. ಕಥೆಯನ್ನು ಅವರ ಕಡೆಯಿಂದ ಹೇಳಿದ್ದರೆ ಮಕ್ಕಳು ‘ಬಾ, ಇಲ್ಲಿ ಕೂತ್ಕೋ’ ಎಂಬ ಆಟ ಆಡುತ್ತಿದ್ದರು. ಇದನ್ನು ನಾನು ಪೂರ್ತಿ ನಂಬಿದ್ದೇನೆ.

ಆದ್ದರಿಂದ ನೀವು ಮಾಡಬೇಕೆಂದಿರುವ, ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಗುಂಪು ಮಾಡುವ ಆಟ ಬೇಡವೇ ಬೇಡ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, 1968ರ ಏಪ್ರಿಲ್‌ನಲ್ಲಿ, ಜೇನ್ ಎಲಿಯಟ್ ಎಂಬ ಅಮೆರಿಕದ ಟೀಚರ್ ಅದನ್ನು ಮಾಡಿದ್ದು ಮೂರನೇ ಕ್ಲಾಸಿನ ಮಕ್ಕಳ ಜೊತೆ. ನಿಮ್ಮವರಿಗಿಂತ ದೊಡ್ಡವರು. ಒಂದು ಬಣ್ಣದ ಕಣ್ಣಿನವರೇ ಮೇಲು ಎಂದು ಹೇಳಿದ್ದಷ್ಟೇ, ಆ ಮಕ್ಕಳು ಅದೇ ದಿನ ಉಳಿದವರನ್ನು ಕೀಳಾಗಿ ನೋಡತೊಡಗಿದರು. ಎಷ್ಟು ಬೇಗ ಅಂಟಿಕೊಳ್ಳುತ್ತೆ ನೋಡಿ. ಅದಕ್ಕೇ ಆರು ವರ್ಷದವರ ಮೇಲೆ ಪ್ರಯೋಗ ಮಾಡಬಾರದು ಎನ್ನುವುದು.

ನಿಮ್ಮ ಪ್ರಿನ್ಸಿಪಾಲರು ಹೇಳುವ ‘ಈ ವಯಸ್ಸಿಗೆ ಬಣ್ಣ ಕಾಣಲ್ಲ, ಕಾಯೋಣ’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 1940ರ ದಶಕದಲ್ಲಿ ಕೆನೆತ್ ಮತ್ತು ಮೇಮೀ ಕ್ಲಾರ್ಕ್ ಎಂಬ ಮನಃಶಾಸ್ತ್ರಜ್ಞ ದಂಪತಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣ ಬಿಟ್ಟರೆ ಒಂದೇ ತರಹದ ಗೊಂಬೆಗಳನ್ನಿಟ್ಟು, ಒಳ್ಳೆಯ ಗೊಂಬೆ ಯಾವುದು ಎಂದು ಕೇಳಿದರು. ಜಾಸ್ತಿ ಮಕ್ಕಳು ತೋರಿಸಿದ್ದು ಬಿಳಿ ಗೊಂಬೆಯನ್ನು. ಬಣ್ಣದ ಮೇಲೆ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಮಾಡುವುದು ಸಲ್ಲದು ಎಂದ 1954ರ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ದಂಪತಿಯ ಕೆಲಸವನ್ನು ಉಲ್ಲೇಖಿಸಿತು. ಯಾವ ವಯಸ್ಸಿಗೆ ಶುರು ಮಾಡಬೇಕು ಎಂದು ಕೇಳಿದ್ದೀರಿ. ಅದು ನಾವಿಲ್ಲದೆಯೇ ಶುರುವಾಗಿರುತ್ತೆ. ‘ನಾವೆಲ್ಲ ಒಂದೇ, ಬಣ್ಣ ನೋಡಬಾರದು’ ಎಂದರೆ ಮಗುವಿಗೆ ಅರ್ಥವಾಗುವುದು ಒಂದೇ: ಕಪ್ಪು ಬಣ್ಣ ಬಾಯಿಬಿಟ್ಟು ಹೇಳಬಾರದ ವಿಷಯ.

ಹಾಗಾಗಿ ಹೇಳಿ. ಮೈಬಣ್ಣ ಎಲ್ಲಿಂದ ಬರುತ್ತೆ ಎಂದು ಹೇಳಿ. ಹೆಚ್ಚುಕಡಿಮೆ ಎಲ್ಲರ ಚರ್ಮದಲ್ಲೂ ಮೆಲನಿನ್ ಎಂಬ ಬಣ್ಣದ ವಸ್ತು ಇದೆ, ಕೆಲವರಲ್ಲಿ ಜಾಸ್ತಿ, ಕೆಲವರಲ್ಲಿ ಕಮ್ಮಿ, ಅದು ಚರ್ಮವನ್ನು ಬಿಸಿಲಿನಿಂದ ಕಾಪಾಡುತ್ತೆ. ಆರು ವರ್ಷಕ್ಕೆ ಇಷ್ಟು ಧಾರಾಳವಾಗಿ ಅರ್ಥವಾಗುತ್ತೆ. ಎಲ್ಲರೂ ತಮ್ಮ ಕೈಯ ಬಣ್ಣವನ್ನು ಕ್ರೇಯಾನ್ ಕಲಸಿ ಹುಡುಕಲಿ. ಕ್ರೇಯಾನ್ ಮಾಡುವ ಅಮೆರಿಕದ ಕ್ರೇಯೋಲಾ ಕಂಪನಿಯೇ ತಿಳಿ ಬಣ್ಣವೊಂದಕ್ಕೆ ‘ಚರ್ಮದ ಬಣ್ಣ’ ಎಂದು ಹೆಸರಿಟ್ಟು, 1962ರಲ್ಲಿ ಅದನ್ನು ‘ಪೀಚ್’ ಎಂದು ಬದಲಿಸಿತು. ನಿಮ್ಮ ಕ್ಲಾಸಲ್ಲಿ ಈಗಲೂ ಯಾರಾದರೂ ಒಂದೇ ಕಡ್ಡಿಗೆ ‘ಸ್ಕಿನ್ ಕಲರ್’ ಅಂತಿದ್ದರೆ, ‘ಯಾರ ಸ್ಕಿನ್?’ ಎಂದು ಕೇಳಿ. ಕಪ್ಪು ಮಕ್ಕಳು ಮೀನು ಹಿಡಿಯುವ, ಜಗಳವಾಡುವ, ಹಲ್ಲು ಬಿದ್ದು ನಗುವ ಪುಸ್ತಕಗಳನ್ನು ತನ್ನಿ. ಬರೀ ಕಷ್ಟಪಡುವ ಪುಸ್ತಕಗಳಲ್ಲ. ಗುಂಪು, ಹಿಂಸೆ, ಕಾನೂನಿನ ಕಥೆ ಒಂಬತ್ತು ಹತ್ತು ವರ್ಷಕ್ಕೆ ಇರಲಿ.

ಇನ್ನು, ಮತ್ತೆ ಯಾರಾದರೂ ಕೈ ಹಿಡಿಯಲ್ಲ ಎಂದರೆ ಅಲ್ಲೇ, ಆಗಲೇ, ಎಲ್ಲರಿಗೂ ಕೇಳುವಂತೆ ಹೇಳಿ: ‘ಇದು ಕೊಳೆ ಅಲ್ಲ, ನಿನ್ನ ಕೈಗೆ ಅಂಟಲ್ಲ. ಹೀಗೆ ಅಂದರೆ ಅವಳಿಗೆ ನೋವಾಗುತ್ತೆ, ಈ ಕ್ಲಾಸಲ್ಲಿ ಹಾಗೆ ಅನ್ನೋ ಹಾಗಿಲ್ಲ.’ ಆಮೇಲೆ ಪಾಠ ಮುಂದುವರಿಸಿ. ನೊಂದ ಮಗುವಿನ ಜೊತೆ ಮಾತು ಪಕ್ಕಕ್ಕೆ ಕರೆದು, ಅದೂ ಅದಕ್ಕೆ ಇಷ್ಟವಿದ್ದರೆ ಮಾತ್ರ. ಎರಡೂ ಮನೆಯವರಿಗೆ ಅವತ್ತೇ ತಿಳಿಸಿ. ಆ ಮಾತು ಆಡಿದ ಮಗುವಿನ ಮನೆಯವರಿಗೆ ನಡೆದದ್ದನ್ನು ಇದ್ದ ಹಾಗೆ ಹೇಳಿ, ಮಗು ಕೆಟ್ಟದ್ದು ಎನ್ನಬೇಡಿ. ನೊಂದ ಮಗುವಿನ ಮನೆಯವರನ್ನು, ಕ್ಲಾಸಲ್ಲಿ ಈ ವಿಷಯ ತೆಗೆಯುವ ಮೊದಲು, ಹೇಗೆ ತೆಗೆದರೆ ತಮ್ಮ ಮಗುವಿಗೆ ಸರಿಹೋಗುತ್ತೆ ಎಂದು ಕೇಳಿ. ನಾನು ಕೇಳಿರಲಿಲ್ಲ.