ಸಂಪಾದಕರ ಉತ್ತರ: ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಹೊಳಲ್ಕೆರೆ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಅವರ ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಗೊಲ್ಲರಹಟ್ಟಿಗಳನ್ನು ತಿರುಗಿ ಜುಂಜಪ್ಪನ ಪದ, ಸೋಬಾನೆ ಪದ, ಬೀಸುವ ಪದಗಳನ್ನು ಬರೆದುಕೊಂಡು ಬಂದು, ಮನೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಹಾಕಿಸಿಕೊಂಡು ತಾವೇ ಒಂದೊಂದೇ ಕೀಲಿ ಒತ್ತಿ ಟೈಪ್ ಮಾಡಿಟ್ಟಿದ್ದರು. ಕಳೆದ ವರ್ಷ ತೀರಿಕೊಂಡರು. ವಿಂಡೋಸ್ ಎಕ್ಸ್‌ಪಿಯ ಆ ಹಳೆಯ ಕಂಪ್ಯೂಟರ್ ಈಗ ಆನ್ ಆಗುತ್ತಿಲ್ಲ. ಕೆಡುವ ಮೊದಲೇ ಅದರಲ್ಲಿ ವೈರಸ್ ಸೇರಿಕೊಂಡಿತ್ತು. ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗುತ್ತಿದ್ದವು. ಹೇಗೋ ಹೊರಗೆ ತೆಗೆದ ಒಂದೆರಡು ಕಡತಗಳನ್ನು ಬೇರೆ ಕಡೆ ತೆರೆದರೆ ಕನ್ನಡವೇ ಇರಲಿಲ್ಲ, ಬರೀ ಗೋಜಲು. ರಿಪೇರಿಯವರು "ಒಳಗೆ ಏನೂ ಉಳಿದಿಲ್ಲ, ಫಾರ್ಮ್ಯಾಟ್ ಮಾಡಿ ಕೊಡುತ್ತೇನೆ" ಎಂದಿದ್ದಾರಂತೆ. "ಒಪ್ಪಿಕೊಳ್ಳಲೇ?" ಎಂದು ಕೇಳಿದ್ದಾರೆ.

ಸಹೋದರಿ, ಒಪ್ಪಿಕೊಳ್ಳಬೇಡಿ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನು ತೆಗೆದುಹಾಕಿ ಅದನ್ನು ಹೊಸದಾಗಿ ಸಿದ್ಧಪಡಿಸುವುದು. ಈ ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ತಡವಾಗಬಾರದೆಂದು ನಿಮಗೆ ಅಂಚೆಯಲ್ಲಿ ಇದೇ ಮಾತನ್ನು ಮೊದಲೇ ಬರೆದಿದ್ದೇನೆ. ಇಷ್ಟು ಗಾಬರಿಗೆ ಕಾರಣವಿದೆ. ಹಲವು ವರ್ಷಗಳ ಹಿಂದೆ ನಮ್ಮ ದಾವಣಗೆರೆ ಕಚೇರಿಯ ಕಂಪ್ಯೂಟರ್ ಒಂದು ಬೇಸಿಗೆಯಲ್ಲಿ ಕೈಕೊಟ್ಟಿತು. ವಿಶೇಷಾಂಕದ ಅರ್ಧ ಪುಟಗಳು ಅದರಲ್ಲಿದ್ದವು. ರಿಪೇರಿಗೆ ಕೊಟ್ಟೆವು. ಎರಡು ದಿನ ಬಿಟ್ಟು ಪೆಟ್ಟಿಗೆ ಹೊಸ ವಿಂಡೋಸ್ ಹಾಕಿಸಿಕೊಂಡು ಚೆನ್ನಾಗಿಯೇ ಓಡುತ್ತಾ ಮರಳಿ ಬಂತು, ಪುಟಗಳು ಬರಲಿಲ್ಲ. ಹಸ್ತಪ್ರತಿ ಕೊಟ್ಟಿದ್ದ ಹಿರಿಯರೊಬ್ಬರ ಬಳಿ ಬೇರೆ ಪ್ರತಿ ಇರಲಿಲ್ಲ. ಅವರಿಗೆ ಹೇಳಲು ಹೋದ ಆ ಸಂಜೆಯನ್ನು ನಾನು ಮರೆತಿಲ್ಲ. ರಿಪೇರಿ ಮಾಡಿದವರನ್ನು ದೂರಲಾರೆ. ಕಂಪ್ಯೂಟರ್ ಸರಿಮಾಡಿ ಎಂದು ಕೇಳಿದ್ದೆವು, ಸರಿಮಾಡಿದರು. ಒಳಗಿರುವುದನ್ನು ಉಳಿಸಿಕೊಡಿ ಎಂದು ನಾವು ಕೇಳಲೇ ಇಲ್ಲ. ಇವೆರಡೂ ಬೇರೆ ಬೇರೆ ಕೆಲಸ.

ನಿಮ್ಮ ತಂದೆಯವರ ಬರಹ ಇರುವುದು ಹಾರ್ಡ್ ಡಿಸ್ಕಿನಲ್ಲಿ, ಉಳಿದ ಪೆಟ್ಟಿಗೆಯಲ್ಲಿ ಅಲ್ಲ. ಆನ್ ಆಗದಿರುವುದಕ್ಕೆ ಕಾರಣ ಬಹಳ ಸಲ ಪವರ್ ಸಪ್ಲೈ ಅಥವಾ ಒಳಗಿನ ಮುಖ್ಯ ಫಲಕವಾದ ಮದರ್‌ಬೋರ್ಡ್. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ ನೋಡಿ. ಫ್ಯಾನಿನ ರೆಕ್ಕೆಗಳಿಗೆ ಕಂಬಳಿಯಂತೆ ಧೂಳು ಮೆತ್ತಿರುತ್ತದೆ. ಮದರ್‌ಬೋರ್ಡಿನ ಮೇಲೆ ಚಿಕ್ಕ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರ್‌ಗಳ ತಲೆ ಸಪಾಟಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ರಸ ಸೋರಿ ಒಣಗಿದ್ದರೆ ದೋಷ ಅಲ್ಲಿದೆ. 2000ರ ಆಸುಪಾಸಿನಿಂದ ಕೆಲವು ವರ್ಷ ತಯಾರಾದ ಅನೇಕ ಬೋರ್ಡ್‌ಗಳು ಹೀಗೆಯೇ ಸತ್ತವು. ಬೋರ್ಡ್ ಸತ್ತಾಗಲೂ ಡಿಸ್ಕ್ ಸಾಮಾನ್ಯವಾಗಿ ಕ್ಷೇಮವಾಗಿರುತ್ತದೆ. ಅದು ಅಂಗೈಗಿಂತ ಸ್ವಲ್ಪ ದೊಡ್ಡದಾದ, ಕೈಗೆ ಭಾರವೆನಿಸುವ ಲೋಹದ ಚಪ್ಪಟೆ ಪೆಟ್ಟಿಗೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತದೆ. ಹಿಂದೆ ಅಗಲವಾದ ಪಟ್ಟಿ ಕೇಬಲ್ ಸಿಕ್ಕಿಸಿದ್ದರೆ, ಕಿತ್ತಾಗ ಎರಡು ಸಾಲಿನಲ್ಲಿ ಸಣ್ಣ ಸೂಜಿಗಳು ಕಂಡರೆ ಅದು ಹಳೆಯ ಐಡಿಇ ಜಾತಿಯದು. ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಪ್ರತ್ಯೇಕ ವಿದ್ಯುತ್ ಕೊಡುವ ವೈರ್ ಇರುವಂಥದ್ದೇ ಬೇಕು. ಈ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕಾಗುವುದರಿಂದ ಯುಎಸ್‌ಬಿಯ ಬಲ ಸಾಲದು.

ವಿದ್ಯುತ್ ಕೊಟ್ಟ ಮೊದಲ ಕ್ಷಣ ಕಿವಿಗೊಟ್ಟು ಕೇಳಿ. ಒಂದೇ ಸಮನೆ ಗುಂಯ್‌ಗುಡುವ ಸದ್ದು ಒಳ್ಳೆಯದು. ಟಿಕ್, ಟಿಕ್ ಎಂದು ಬಡಿಯುತ್ತಿದ್ದರೆ ತಕ್ಷಣ ವೈರ್ ಕಿತ್ತುಬಿಡಿ, ಇನ್ನೊಂದು ಸಲ ನೋಡೋಣ ಎನ್ನಬೇಡಿ. ಡಿಸ್ಕಿನ ಒಳಗೆ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 7,200 ಸುತ್ತು ತಿರುಗುತ್ತವೆ. ಓದುವ ಮೊನೆ ಅವುಗಳ ಮೇಲೆ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ತಟ್ಟೆಗೆ ತಾಗಿದರೆ ಪ್ರತಿ ಸುತ್ತಿಗೂ ಅಕ್ಷರಗಳನ್ನು ಉಜ್ಜಿ ಹಾಕುತ್ತದೆ. ಅಂಥ ಡಿಸ್ಕನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವ ಪ್ರಯೋಗಾಲಯಕ್ಕೇ ಕಳಿಸಬೇಕು, ಖರ್ಚು ಜೋರಾಗಿಯೇ ಇರುತ್ತದೆ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಒಳಗೆ ತೇವ ಕಟ್ಟುತ್ತದೆ.

ಇನ್ನು ವೈರಸ್. ನೀವು ಬರೆದಿರುವುದು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹರಡುವ ಹಳೆಯ ಪೀಡೆ. ಅದು ನಿಜವಾದ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ಟನ್ನು ಮುಂದಿಡುತ್ತದೆ. ಕಡತಗಳು ಒಳಗೇ ಇರುತ್ತವೆ. ಕಡತಕ್ಕೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಬೇರೆ, ಅದರ ಲಕ್ಷಣ ನಿಮ್ಮ ಪತ್ರದಲ್ಲಿ ಕಾಣಲಿಲ್ಲ. ಆದರೂ ಈ ಡಿಸ್ಕನ್ನು ವಿಂಡೋಸ್ ಇರುವ ಯಾವ ಕಂಪ್ಯೂಟರಿಗೂ ಜೋಡಿಸಬೇಡಿ. ವಿಂಡೋಸ್ ಬದಲಿಗೆ ಬಳಸುವ ಉಚಿತ ವ್ಯವಸ್ಥೆಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಶುರುಮಾಡಿ, ಅಲ್ಲಿ ಜೋಡಿಸಬೇಕು. ವಿಂಡೋಸ್‌ಗೆಂದು ಬರೆದ ವೈರಸ್ ಅಲ್ಲಿ ತಾನಾಗಿ ಓಡುವುದಿಲ್ಲ, ಬಚ್ಚಿಟ್ಟ ಫೋಲ್ಡರುಗಳೂ ಎದುರಿಗೇ ಕಾಣುತ್ತವೆ. ಓದಲು ಮಾತ್ರ ಅನುಮತಿ ಕೊಟ್ಟು ತೆರೆದರೆ ಡಿಸ್ಕಿನ ಮೇಲೆ ಒಂದಕ್ಷರವೂ ಹೊಸದಾಗಿ ಬೀಳದು. ಮೊದಲು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿ ಮಾಡಿಕೊಳ್ಳುವುದು ಕ್ರಮ. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳ ಬಳಿಗೆ ಆಮೇಲೆ ಮರಳುತ್ತದೆ. ಮುಂದಿನ ಹುಡುಕಾಟವೆಲ್ಲ ಆ ಪ್ರತಿಯಲ್ಲೇ ನಡೆಯಲಿ, ಮೂಲ ಡಿಸ್ಕ್ ಬೀರುವಿನಲ್ಲಿರಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ "ಗೋಜಲು". ಅದು ವೈರಸ್ಸಿನ ಕೆಲಸವಲ್ಲ ಎಂದು ನನಗೆ ಬಹುಮಟ್ಟಿಗೆ ಖಾತ್ರಿ. ಎಲ್ಲ ಕಂಪ್ಯೂಟರುಗಳಲ್ಲೂ ಪ್ರತಿ ಅಕ್ಷರಕ್ಕೂ ಒಂದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳ ಮೇಲೆ ಕೂರಿಸುತ್ತಿದ್ದರು. ಆ ತಂತ್ರಾಂಶದ ಫಾಂಟ್, ಅಂದರೆ ಅಕ್ಷರರೂಪ, ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಕಡೆ ಒಳಗಿನ ಸಂಕೇತ ಬಯಲಾಗುತ್ತದೆ. ನುಡಿಯಲ್ಲಿ ಬರೆದ "ಕನ್ನಡ" ಎಂಬ ಪದ ಆಗ ಇಂಗ್ಲಿಷಿನ ದೊಡ್ಡ ಪಿ ಅಕ್ಷರದಿಂದ ಶುರುವಾಗುತ್ತದೆ, ನಕಾರದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆ ನಿಂತಿರುತ್ತದೆ, ನಡುನಡುವೆ ತಲೆಯ ಮೇಲೆ ಓರೆಗೆರೆಯ ಎ ಅಕ್ಷರಗಳು. ನಿಮ್ಮ ಕಡತದಲ್ಲಿ ಪೌಂಡ್ ಚಿಹ್ನೆಗಳು ಎಲ್ಲೆಂದರಲ್ಲಿ ಇವೆಯೇ ನೋಡಿ. ಇದ್ದರೆ ಪದಗಳು ಒಂದೂ ಕೆಟ್ಟಿಲ್ಲ. ಹಳೆಯ ನುಡಿ ಫಾಂಟ್ ಹಾಕಿದ ಕೂಡಲೇ ಎದ್ದು ಬರುತ್ತವೆ. ಕೆಟ್ಟ ಕಡತವೆಂದು ತಿಳಿದು ಇಂಥವನ್ನು ಅಳಿಸಿ ಹಾಕಿದವರನ್ನು ನಾನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಆಮೇಲೆ ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪುವುದುಂಟು. ಆಡುಮಾತಿನ ಪದಗಳಲ್ಲಿ ಇಂಥ ತಪ್ಪು ಗೊತ್ತೇ ಆಗುವುದಿಲ್ಲ, ಆ ಮಾತೇ ಹಾಗಿರಬಹುದು ಎಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ಮೇಷ್ಟ್ರು ಕೈಯಲ್ಲಿ ಬರೆದ ನೋಟ್‌ಬುಕ್ಕುಗಳು ಮನೆಯಲ್ಲಿದ್ದರೆ ಪಕ್ಕದಲ್ಲಿಟ್ಟುಕೊಂಡೇ ತಿದ್ದಬೇಕು.

ಒಂದು ವೇಳೆ ಫಾರ್ಮ್ಯಾಟ್ ಆಗಿಹೋಗಿದ್ದರೂ ಕೈಬಿಡಬೇಡಿ. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಪುಸ್ತಕದ ಪರಿವಿಡಿಯನ್ನು, ಪುಟಗಳನ್ನಲ್ಲ. ಹೊಸದಾಗಿ ಬರೆದಷ್ಟೂ ಹಳೆಯದು ಮುಚ್ಚಿಹೋಗುತ್ತದೆ, ಅದಕ್ಕೇ ಅದರಲ್ಲಿ ಏನನ್ನೂ ಹಾಕಬಾರದು. ಫೋಟೋರೆಕ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಹೆಸರಿಗೆ ಫೋಟೋದ್ದಾದರೂ ವರ್ಡ್ ಕಡತಗಳನ್ನೂ ಹುಡುಕಿ ತೆಗೆಯುತ್ತದೆ. ಅದು ಪರಿವಿಡಿಯನ್ನು ನೋಡದೆ ಪುಟಗಳ ಗುರುತು ಹಿಡಿದು ಹೋಗುವುದರಿಂದ ಕಡತಗಳ ಹಳೆಯ ಹೆಸರು ಮಾತ್ರ ಉಳಿಯುವುದಿಲ್ಲ.

ಇದೆಲ್ಲ ನಿಮ್ಮ ಊರಿನಲ್ಲಿ ಆಗುವುದು ಕಷ್ಟವೆನಿಸಿದರೆ ಡಿಸ್ಕನ್ನು ನಮ್ಮ ಕಚೇರಿಗೆ ತನ್ನಿ. ನಮ್ಮ ಪುಟ ವಿನ್ಯಾಸ ನೋಡಿಕೊಳ್ಳುವ ಹುಡುಗರಿಗೆ ಈ ಕೆಲಸ ಗೊತ್ತು, ಹಣದ ಮಾತು ಬೇಡ. ಕಾಗದದಲ್ಲಿ ಸುತ್ತಿ, ಮೇಲೊಂದು ದಪ್ಪ ಟವಲ್ ಸುತ್ತಿ, ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬನ್ನಿ. ಬರುವ ಮೊದಲು ಒಂದು ವಿಷಯ ನೆನಪಿಸಿಕೊಳ್ಳಿ: ಯಾವ ಪದ ಹಾಡಿದವರು ಯಾರು, ಯಾವ ಹಟ್ಟಿಯವರು ಎಂಬುದನ್ನು ನಿಮ್ಮ ತಂದೆಯವರು ಪದದ ಕೆಳಗೇ ಬರೆಯುತ್ತಿದ್ದರೇ, ಇಲ್ಲ ಕಡತದ ಹೆಸರಿನಲ್ಲಿ ಮಾತ್ರ ಇಡುತ್ತಿದ್ದರೇ? ಕಡತದ ಹೆಸರಿನಲ್ಲಿ ಮಾತ್ರ ಇದ್ದು, ಆ ಹೆಸರುಗಳು ಸಿಗದೆ ಹೋದರೆ, ಪದಗಳನ್ನು ಅಚ್ಚು ಹಾಕಿಸಿಕೊಂಡು ನೀವೂ ನಾನೂ ಆ ಹಟ್ಟಿಗಳಿಗೆ ಹೋಗಿ ಓದಿ ಹೇಳಿ ಕೇಳೋಣ. ಹಾಡಿದ ಅಜ್ಜಿಯರಲ್ಲಿ ಕೆಲವರಾದರೂ ಇನ್ನೂ ಇದ್ದಾರೆಂದು ನೀವೇ ಬರೆದಿದ್ದೀರಿ.