ಓದುಗರ ಪ್ರಶ್ನೆ: ಎಲೆಕ್ಟ್ರಿಕಲ್ ತಗೊಂಡ್ರೆ ಮುಂದೆ ಎಂತ ಉಂಟು?

ಪ್ರಶ್ನೆ: ಮಗಳದ್ದು ಸೆಕೆಂಡ್ ಪಿಯುಸಿ ಮುಗೀತು. ಎಲೆಕ್ಟ್ರಿಕಲ್ ಓದಿ ಪವರ್ ಎಲೆಕ್ಟ್ರಾನಿಕ್ಸಲ್ಲಿ ಪ್ರೊಫೆಸರ್ ಆಗ್ತೇನೆ ಅಂತ ಹಟ. ಮನೆಯಲ್ಲಿ ಎಲ್ರೂ ಕಂಪ್ಯೂಟರ್ ಸೈನ್ಸೇ ಆಗ್ಬೇಕು ಅಂತಾರೆ. ಎಲೆಕ್ಟ್ರಿಕಲಲ್ಲಿ ಅಂಥಾದ್ದೆಂತ ಉಂಟು?
– ಓದುಗರೊಬ್ಬರು, ಸುರತ್ಕಲ್

ಉತ್ತರ: ದಯವಿಟ್ಟು ಅವಳನ್ನ ತಡೀಬೇಡಿ. ಪವರ್ ಎಲೆಕ್ಟ್ರಾನಿಕ್ಸ್ ಅಂದ್ರೆ ಕರೆಂಟನ್ನ ಬೇಕಾದ ಹಾಗೆ ಹೊಂದಿಸಿ ಬಳಸುವ ವಿದ್ಯೆ. ಅದರಲ್ಲೇ ಹೆಸರು ಮಾಡಿದ ಬಿ. ಜಯಂತ್ ಬಾಳಿಗ ಅವರ ಹೆಸರು ಕೇಳಿದ್ದೀರಾ? ಆ ‘ಬಿ’ ಅಂದ್ರೆ ಬಂಟ್ವಾಳ, ನಮ್ಮದೇ ಬಂಟ್ವಾಳ. 1948ರಲ್ಲಿ ಹುಟ್ಟಿದ್ದು ಮದ್ರಾಸಲ್ಲಿ, ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ, 1969ರಲ್ಲಿ ಮದ್ರಾಸ್ ಐಐಟಿಯಿಂದ ಬಿಟೆಕ್, ಆಮೇಲೆ ಅಮೆರಿಕದಲ್ಲಿ ಪಿಎಚ್‌ಡಿ ಮುಗಿಸಿ 1974ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದ್ರು. ಕರೆಂಟನ್ನ ಆನ್ ಆಫ್ ಮಾಡ್ಲಿಕ್ಕೆ ಆಗ ಎರಡು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್ ಇತ್ತು: ಬೈಪೋಲಾರ್ ಟ್ರಾನ್ಸಿಸ್ಟರ್ ದೊಡ್ಡ ಕರೆಂಟ್ ತಾಳ್ತಿತ್ತು, ಆದ್ರೆ ಅದನ್ನ ಆನ್ ಇಡ್ಲಿಕ್ಕೇ ಸುಮಾರು ಕರೆಂಟ್ ಕೊಡ್ತಾ ಇರ್ಬೇಕಿತ್ತು, ಮಾಸ್‌ಫೆಟ್ ಅನ್ನೋದು ಸಣ್ಣ ವೋಲ್ಟೇಜಿಗೇ ಆನ್ ಆಫ್ ಆಗ್ತಿತ್ತು ಆದ್ರೆ ಹೈ ವೋಲ್ಟೇಜಿಗೆ ಹೋದ್ರೆ ರೆಸಿಸ್ಟೆನ್ಸ್ ಜಾಸ್ತಿಯಾಗಿ ಬಿಸಿಯಲ್ಲೇ ಪವರ್ ಪೋಲಾಗ್ತಿತ್ತು. ಬಾಳಿಗರು 80ರ ದಶಕದ ಶುರುವಲ್ಲಿ ಇವೆರಡರ ಒಳ್ಳೇ ಗುಣವನ್ನ ಒಂದೇ ಚಿಪ್ಪಲ್ಲಿ ಕೂಡಿಸಿ ಐಜಿಬಿಟಿ (ಇನ್ಸುಲೇಟೆಡ್ ಗೇಟ್ ಬೈಪೋಲಾರ್ ಟ್ರಾನ್ಸಿಸ್ಟರ್) ಅನ್ನೋ ಸ್ವಿಚ್ಚನ್ನ ಬಳಕೆಗೆ ತಂದ್ರು. ಇವತ್ತು ಇಂಡಕ್ಷನ್ ಒಲೆ, ಇನ್ವರ್ಟರ್ ಎಸಿ, ಎಲೆಕ್ಟ್ರಿಕ್ ಕಾರು, ರೈಲಿನ ಇಂಜಿನ್ನು, ಗಾಳಿಯಂತ್ರ, ಸೋಲಾರ್ ಇನ್ವರ್ಟರ್, ಇಂಥ ಹೆಚ್ಚಿನವುಗಳ ಹೊಟ್ಟೆಯಲ್ಲಿ ಅದು ಕೂತಿದೆ.

ನಿಮ್ಮ ಮಗಳಿಗೆ ಹೇಳ್ಬೇಕಾದ್ದು ಮುಂದಿನ ಭಾಗ. 1988ರಲ್ಲಿ ಕಂಪನಿ ಬಿಟ್ಟು ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆದ್ರು, ಮಾಮೂಲಿ ಸಿಲಿಕಾನ್ ಬದಲು ಸಿಲಿಕಾನ್ ಕಾರ್ಬೈಡಿಂದ ಮಾಡುವ ಸ್ವಿಚ್‌ಗಳ ಮೇಲೆ ವರ್ಷಗಟ್ಲೆ ಕೂತ್ರು, ಈಗ ಎಲೆಕ್ಟ್ರಿಕ್ ಕಾರುಗಳಲ್ಲಿ ಅದೂ ಬಂತು. 2024ರಲ್ಲಿ ಫಿನ್‌ಲೆಂಡಿನ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ, ಹತ್ತು ಲಕ್ಷ ಯೂರೋ! ನಮ್ಮೂರಿನ ಶಾಲೆಗಳಲ್ಲಿ ಇವರ ಫೋಟೋ ಇರ್ಬೇಕಿತ್ತು ಅಂತ ನನ್ನ ಆಸೆ.

ದಾರಿ ಉದ್ದ ಉಂಟು, ಅದನ್ನ ಮುಚ್ಚಿಡ್ಬಾರ್ದು. ಬಿಟೆಕ್ ಆಗಿ ಗೇಟ್ ಪರೀಕ್ಷೆ ಬರ್ದು ಎಂಟೆಕ್, ಮೇಲೆ ಪಿಎಚ್‌ಡಿ, ಗೆಳತಿಯರು ಸಾಫ್ಟ್‌ವೇರಲ್ಲಿ ಸಂಬಳ ಎಣಿಸುವಾಗ ಇವಳು ಸ್ಟೈಪೆಂಡಲ್ಲಿ ಲ್ಯಾಬಲ್ಲೇ ಇರ್ತಾಳೆ, ಮನೆಯವರ ಬೆಂಬಲ ಬೇಕಾಗೋದು ಆಗಲೇ. ಗಣಿತ ಗಟ್ಟಿ ಇರ್ಲಿ. ನಿಮ್ಮ ಬಾಗಿಲಲ್ಲೇ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜು ಉಂಟಲ್ಲ, 1960ರಲ್ಲಿ ಕೆಆರ್‌ಇಸಿ ಅಂತ ಶುರುವಾದ್ದು, ಅಲ್ಲಿ ಎಲೆಕ್ಟ್ರಿಕಲ್ ವಿಭಾಗದ ಪಿಎಚ್‌ಡಿ ಹುಡುಗಿಯರ ಹತ್ರ ಒಮ್ಮೆ ಮಾತಾಡಿಸಿ.

ಪ್ರಶ್ನೆ: ಮಾಡಿನ ಮೇಲೆ ಸೋಲಾರ್ ಹಾಕ್ಸಿದ್ದೇವೆ. ಲೈನಲ್ಲಿ ಕರೆಂಟ್ ಹೋದ್ರೆ ಒಳ್ಳೇ ಬಿಸಿಲಿದ್ರೂ ಅದೂ ಬಂದ್! ಎಂತಕ್ಕೆ?
– ಓದುಗರೊಬ್ಬರು, ಕಾಪು

ಉತ್ತರ: ಇನ್ವರ್ಟರ್ ಹಾಳಾದದ್ದಲ್ಲ, ಹೆದರ್ಬೇಡಿ. ನಿಮ್ಮದು ಗ್ರಿಡ್‌ಗೆ, ಅಂದ್ರೆ ಊರಿನ ಕರೆಂಟ್ ಲೈನಿಗೆ ಕಟ್ಟಿದ ಇನ್ವರ್ಟರ್, ಲೈನಿನ 50 ಹರ್ಟ್ಸ್ (ಸೆಕೆಂಡಿಗೆ 50 ಸಲದ ಏರಿಳಿತ) ನೋಡ್ಕೊಂಡೇ ತನ್ನ ಕರೆಂಟನ್ನ ಹೊಂದಿಸ್ತದೆ, ಲೈನ್ ಸತ್ತದ್ದು ಗೊತ್ತಾದ ಕೂಡ್ಲೇ ತಾನೂ ನಿಲ್ಬೇಕು ಅಂತ ನಿಯಮ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ಮೆಸ್ಕಾಂನ ಲೈನ್‌ಮನ್ ಕಂಬ ಹತ್ತಿರ್ತಾರೆ, ನಿಮ್ಮ ಮಾಡಿನಿಂದ ಆ ತಂತಿಗೆ ಕರೆಂಟ್ ಹೋದ್ರೆ ಅವರ ಜೀವಕ್ಕೇ ಅಪಾಯ. ಕರೆಂಟ್ ಹೋದಾಗಲೂ ಬೇಕು ಅಂದ್ರೆ ಬ್ಯಾಟರಿ ಜೊತೆ ಹೈಬ್ರಿಡ್ ಇನ್ವರ್ಟರ್ ಹಾಕ್ಸಿ, ಅದು ಮನೆಯನ್ನ ಲೈನಿಂದ ಬೇರೆ ಮಾಡಿ ಫ್ಯಾನು ಲೈಟು ನಡೆಸ್ತದೆ. ಖರ್ಚು ಜಾಸ್ತಿ, ಫ್ರಿಜ್ಜು ಪಂಪು ಎಲ್ಲ ಅದಕ್ಕೇ ಕೊಡುವ ಮೊದಲು ಲೋಡ್ ಲೆಕ್ಕ ಹಾಕ್ಸಿ.